ಹೆಪ್ಪು ಹಾಕಿದ ಮರಳು

ನಮ್ಮ ಮನೆ, ಮೂರನೇ ಮಹಡಿ
(ಹೌದು, ನಮ್ಮ ಮನೆ. ಅಮ್ಮನ ಮನೆಯಲ್ಲ. ಮುಂದೆ ಓದು.)
ತಾರೀಕು ಹದಿನೇಳು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಇಂಜಿನಪ್ಪಾ,

ಹೇಗಿದ್ದೀಯ? ಬೆನ್ನಿನ ಬೆವರುಸಾಲೆ ಇಳಿಯಿತೇ? ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುವವರಿಗೆ ಅದು ತಪ್ಪಿದ್ದಲ್ಲ ಎಂದು ನೀನೇ ಹೇಳಿದ್ದೆ. ಅದಕ್ಕೇ ನಿನ್ನ ಪೆಟ್ಟಿಗೆಯಲ್ಲಿ ಕರಿಯ ಕಾಲುಚೀಲದ ಉಂಡೆಯೊಳಗೆ ಒಂದು ಪೌಡರ್ ಡಬ್ಬಿ ತುರುಕಿದ್ದೆ. ಸಿಕ್ಕಿತೇ ಇಲ್ಲವೇ ಎಂದು ನೀನು ಇನ್ನೂ ಹೇಳಿಲ್ಲ. ಸಿಕ್ಕಿಲ್ಲ ಎಂದರೆ ಹತ್ತೊಂಬತ್ತು ದಿನದಿಂದ ಕಾಲುಚೀಲ ಬದಲಿಸಿಲ್ಲ ಎಂದು ಅರ್ಥ, ಛೀ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತಿದೆಯೇ? ನಾನು ಚೆನ್ನಾಗಿದ್ದೇನೆ. ಉಗುರುಗಳೆಲ್ಲ ಮುರಿದಿವೆ, ಸೊಂಟ ಹಿಡಿದಿದೆ, ಎರಡು ಸಲ ಶಾಂಪೂ ಹಾಕಿದರೂ ಕೂದಲಿನಿಂದ ಕೊಳೆತ ಮೊಟ್ಟೆಯ ವಾಸನೆ ಹೋಗಿಲ್ಲ, ಆದರೂ ಮದುವೆಯ ದಿನ ಕೂಡ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. (ಮುಖ ಊದಿಸಬೇಡ. ಆವತ್ತು ಸಂತೋಷ ಬೇಕಾದಷ್ಟಿತ್ತು. ಆದರೆ ನನ್ನ ಕೈಯಿಂದ ಆಗಬೇಕಾದ್ದು ಏನೂ ಇರಲಿಲ್ಲ; ಎಲ್ಲರೂ ನನ್ನನ್ನು ಎತ್ತಿ ಬೇಕಾದಲ್ಲಿ ಇಡುತ್ತಿದ್ದರು, ಅಷ್ಟೆ.)

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಹಡಗಿನ ಫೋನು ಸಿಗುವುದು ವಾರಕ್ಕೆ ಏಳು ನಿಮಿಷ. ಅದರಲ್ಲಿ ಐದು ನಿಮಿಷ “ಕೇಳಿಸ್ತಿದೆಯಾ? ಈಗ ಕೇಳಿಸ್ತಿದೆಯಾ?” ಎನ್ನುವುದರಲ್ಲೇ ಕಳೆಯುತ್ತದೆ, ಉಳಿದೆರಡರಲ್ಲಿ ನಾನು ಬಾಯಿ ತೆರೆಯುವ ಮುಂಚೆ ನೀನು ಬಾಯಿ ಹಾಕುತ್ತೀಯ. ಕಾಗದಕ್ಕೆ ನೀನು ಬಾಯಿ ಹಾಕಲಾರೆ! ನನ್ನ ಬರವಣಿಗೆ ನೋಡಿ ನಗಬೇಡ. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿಸಿದ್ದು ಒಂದೇ ಒಂದು ಪತ್ರ, ಹೆಡ್‌ಮಾಸ್ಟರಿಗೆ ರಜಾ ಅರ್ಜಿ, ಅದರಲ್ಲಿ ಪ್ರತಿ ಸಲವೂ ಜ್ವರವೇ ಬರಬೇಕು. ಆ ವಿದ್ಯೆಯೂ ಈ ವಾರ ಕೆಲಸಕ್ಕೆ ಬಂತು. ಕನ್ನಡಕದ ಅಂಗಡಿಯ ಮ್ಯಾನೇಜರಿಗೆ ಬುಧವಾರ, ಗುರುವಾರ ಜ್ವರ ಎಂದು ಬರೆದುಕೊಟ್ಟೆ. ಶುಕ್ರವಾರ ಹೋದಾಗ ಅವರು ನನ್ನ ಕೈ ನೋಡಿ “ಜ್ವರಕ್ಕೆ ಉಗುರು ಕಪ್ಪಾಗೋದು ಇದೇ ಮೊದಲು ನೋಡ್ತಿರೋದು” ಎಂದರು. ಬೈಯಲಿಲ್ಲ.

ಈಗ ವಿಷಯ. ನೀನು ಹೊರಡುವ ದಿನ ಟ್ಯಾಕ್ಸಿಯ ಬಾಗಿಲು ಹಿಡಿದು ನಾವು ಕಟ್ಟಿದ ಪಂದ್ಯ ನೆನಪಿದೆಯಲ್ಲ? ಐದು ತಿಂಗಳು ನಾನೊಬ್ಬಳೇ ಇರುವುದು ಬೇಡ, ಇಪ್ಪತ್ತನೇ ತಾರೀಕು ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋಗಲಿ, ಮನೆಯ ಬೀಗದ ಕೈ ನಿನ್ನ ಅಕ್ಕನ ಹತ್ತಿರ ಇರಲಿ, ನಿನ್ನ ಟ್ಯಾಂಕಿನ ಮೀನುಗಳನ್ನು ಸಾಕುಮೀನಿನ ಅಂಗಡಿಯವರು ನೋಡಿಕೊಳ್ಳಲಿ ಎಂದು ನೀವೆಲ್ಲ ಸೇರಿ ನಿಶ್ಚಯ ಮಾಡಿದ್ದಿರಿ. ನನ್ನ ಕೆಲಸ ಏನಾಗಬೇಕು ಎಂದಾಗ “ಕೆಲಸ ಎಲ್ಲಿ ಬೇಕಾದ್ರೂ ಸಿಗುತ್ತೆ ಕಣೇ” ಎಂದೆ. ನಾನು ಕಣ್ಣಲ್ಲಿ ನೀರು ತುಂಬಿಕೊಂಡೆ. ನೀನು ಕರಗಿದೆ, ಪೂರ್ತಿ ಅಲ್ಲ. “ಸರಿ, ನನ್ನ ಎಂಟು ಮೀನೂ ಬದುಕಿರೋವರೆಗೆ ಇರು. ಒಂದು ಸತ್ತರೂ ಮರುಮಾತಿಲ್ಲದೆ ಅಮ್ಮನ ಮನೆಗೆ ಹೊರಡ್ಬೇಕು. ಒಪ್ಪಿಗೇನಾ?” ಎಂದೆ. ನಾನು ಕುಣಿದುಕೊಂಡು ಒಪ್ಪಿಗೆ ಎಂದೆ. ಆ ಹೊತ್ತಿಗೆ ನೀನು ಏನು ಕೇಳಿದರೂ ನಾನು ಒಪ್ಪುತ್ತಿದ್ದೆ, ಅಷ್ಟು ಚೆನ್ನಾಗಿ ಕಾಣುತ್ತಿದ್ದೆ ನೀನು ಆ ಬಿಳಿ ಅಂಗಿಯಲ್ಲಿ. ಮೇಲೆ ಟ್ಯಾಂಕಿನ ಪಕ್ಕದ ಗೋಡೆಗೆ ನೀನು ಮೊದಲೇ ಅಂಟಿಸಿ ಹೋದದ್ದು ಇಪ್ಪತ್ತೆರಡು ನಿಯಮಗಳ ಪಟ್ಟಿ. ಮೊದಲನೆಯದೇ “ಹೊಸ ಟ್ಯಾಂಕ್ ಯಾರೂ ಮುಟ್ಟಬಾರದು, ನಾನೇ ಬಂದು ಮಾಡುತ್ತೇನೆ.” ಐದಡಿ ಉದ್ದದ ಖಾಲಿ ಗಾಜಿನ ಪೆಟ್ಟಿಗೆ ಸ್ಟ್ಯಾಂಡಿನ ಮೇಲೆ ಬೆಡ್‌ಶೀಟ್ ಹೊದ್ದು ಮಲಗಿತ್ತು, ಅದರ ಎದುರಿಗೆ ನಿನ್ನ ಹಳೆಯ ಮೂರಡಿ ಟ್ಯಾಂಕ್ ತನ್ನ ಪಾಡಿಗೆ ಗುಳುಗುಳು ಎನ್ನುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅಂಗಡಿಗೆ ಹೊರಟವಳ ಕಾಲುಚೀಲ ಒದ್ದೆಯಾಯಿತು. ಬಗ್ಗಿ ನೋಡುತ್ತೇನೆ, ಹಳೆಯ ಟ್ಯಾಂಕಿನ ಬಲಮೂಲೆಯ ಅಂಟು ಬಿಟ್ಟಿದೆ, ನಿಮಿಷಕ್ಕೆ ಹನ್ನೊಂದು ಹನಿ. ಕೆಳಗೆ ಬೋಗುಣಿ ಇಟ್ಟು ಮೊದಲು ನಿನ್ನ ಅಕ್ಕನಿಗೆ ಫೋನ್ ಮಾಡಿದೆ. “ನೋಡು ತಾಯಿ, ನೆಂಟರು ಬಂದರೆ ಕಳಿಸಬಹುದು, ಉಪ್ಪುನೀರು ಮನೆಗೆ ಬಂದರೆ ಹೋಗಲ್ಲ. ಇವತ್ತೇ ಎಲ್ಲ ಮಾರಿಬಿಡು, ಅವನಿಗೆ ಸತ್ತುಹೋದ್ವು ಅನ್ನು” ಎಂದರು. ಮಾರಿದರೂ ಸತ್ತ ಲೆಕ್ಕ, ಸತ್ತರೆ ನಾನು ಅಮ್ಮನ ಮನೆಗೆ ಹೋದ ಲೆಕ್ಕ! ಅಂಥ ಉಪಾಯ ನನಗೆ ಬೇಡ ಎಂದು ಫೋನಿಟ್ಟು ನೇರವಾಗಿ ಮೀನಂಗಡಿಯ ಯಜಮಾನಿಯ ಹತ್ತಿರ ಓಡಿದೆ. ಅವರು ನಿನಗೆ ಎಷ್ಟು ವರ್ಷದ ಪರಿಚಯವೋ ಗೊತ್ತಿಲ್ಲ, ನನಗೆ ಒಂದೇ ವಾರದಲ್ಲಿ ಸ್ವಂತ ಚಿಕ್ಕಮ್ಮ. “ಆಳು ಕಳಿಸಿ” ಎಂದೆ. “ಆಳು ಕಳಿಸಿದ್ರೆ ಆಳಿನ ಮನೆ ಆಗುತ್ತೆ. ನೀನೇ ಮಾಡು, ನಾನು ಸ್ಟೂಲ್ ಮೇಲೆ ಕೂತು ಬೈತೀನಿ” ಎಂದರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡು ದಿನ ಕೂತು ಬೈದರು.

ಮರಳಿನ ವಿಷಯದಲ್ಲಿ ನಿನ್ನ ಹನ್ನೆರಡನೇ ನಿಯಮ ಹೀಗಿದೆ: “ಮರಳು ಆರು ವರ್ಷದ್ದು, ಒಂದು ಹಿಡಿಯೂ ಬಿಸಾಡಕೂಡದು, ಪೂರ್ತಿ ಹೊಸ ಟ್ಯಾಂಕಿಗೆ ಹೋಗಬೇಕು.” ಅದನ್ನು ಯಜಮಾನಿಗೆ ಓದಿ ಹೇಳಿದೆ. ಅವರು ನಕ್ಕು ಸ್ಟೂಲಿನಿಂದ ಬೀಳುವುದೊಂದು ಬಾಕಿ. “ನಿನ್ನ ಗಂಡ ಮರಳನ್ನ ಪ್ರೀತಿಸ್ತಾನೆ, ಮರಳು ಅವನನ್ನ ಪ್ರೀತಿಸಲ್ಲ. ಹಾಲಿಗೆ ಹೆಪ್ಪು ಎಷ್ಟು ಹಾಕ್ತೀಯ? ಒಂದು ಚಮಚ. ನಿನ್ನೆ ಮೊಸರನ್ನೆಲ್ಲ ಸುರೀತೀಯಾ?” ಎಂದು ಕೇಳಿದರು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಮೇಲಿನ ಒಂದಂಗುಲ ಬೆಳ್ಳಗೆ, ಅದರಲ್ಲಿ ಕೂದಲಿನಂಥ ಹುಳುಗಳು, ಕಣ್ಣಿಗೆ ಕಾಣದ ಕೋಟಿ ಜೀವಗಳು. ಅವೇ ನೀರನ್ನು ಶುಚಿ ಮಾಡುವುದು. ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಕಾಡಿಗೆಯಂಥ ಕಪ್ಪು. ಆರು ವರ್ಷ ಯಾರೂ ಕೆದಕದೆ, ಗಾಳಿಯಾಡದೆ ಕೂತ ಹೊಲಸು ಅಲ್ಲಿ ವಿಷದ ಗಾಳಿಯಾಗಿ ಸಿಕ್ಕಿಬಿದ್ದಿರುತ್ತದಂತೆ. ಇದ್ದಲ್ಲೇ ಇದ್ದರೆ ಯಾರಿಗೂ ತೊಂದರೆಯಿಲ್ಲ. ಎತ್ತಿ ಹೊಸ ನೀರಿಗೆ ಸುರಿದರೆ ಸಂಜೆಯೊಳಗೆ ಎಲ್ಲ ಮೀನೂ ಸತ್ತು ಅಂಗಾತ. “ಕೆನೆ ತಗೋ, ಗಸಿ ಬಿಡು. ಇಷ್ಟೇ ಶಾಸ್ತ್ರ” ಎಂದರು. ನಾನು ಗೋಡೆಯ ಬಳಿ ಹೋಗಿ ಹನ್ನೆರಡನೇ ನಿಯಮದ ಮೇಲೆ ಗೀಟು ಹಾಕಿದೆ. ಪೆನ್ಸಿಲ್ ಅಲ್ಲ, ಪೆನ್ನು. ಆಗ ಎಷ್ಟು ಹಾಯೆನಿಸಿತು ಗೊತ್ತಾ!

ಬುಧವಾರ ಇಡೀ ದಿನ ಉಪ್ಪು ಕರಗಿಸಿದೆ. ಯಜಮಾನಿ ಕೊಟ್ಟ ಎರಡು ಡ್ರಮ್ಮಿನಲ್ಲಿ ನೀರು, ಉಪ್ಪು, ಹೀಟರ್, ಪಂಪ್. ಗಂಟೆಗೊಮ್ಮೆ ಅಳತೆ, ಥೇಟು ನಮ್ಮ ಅಂಗಡಿಯಲ್ಲಿ ಕಣ್ಣಿನ ನಂಬರು ಹಿಡಿದ ಹಾಗೆ: ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಈಗ ಸರಿಯಾಗಿ ಕಾಣುತ್ತಾ? ಗುರುವಾರ ಬೆಳಿಗ್ಗೆ ನಿನ್ನ ಅಕ್ಕ ಬಂದರು, ನನ್ನನ್ನು ತಡೆಯಲು. ಬಂದವರ ಕೈಗೆ ಪೈಪು ಕೊಟ್ಟು “ಒಂದು ನಿಮಿಷ ಹಿಡ್ಕೊಳ್ಳಿ ಅಕ್ಕಾ” ಎಂದೆ. ಆ ಒಂದು ನಿಮಿಷ ಸಂಜೆ ಐದಕ್ಕೆ ಮುಗಿಯಿತು. ಹಳೆಯ ನೀರನ್ನು ಟಬ್ಬಿಗೆ ಎಳೆದೆವು, ಕಲ್ಲುಗಳನ್ನು ಇನ್ನೊಂದು ಟಬ್ಬಿಗೆ, ಮೀನುಗಳನ್ನು ಮೂರನೆಯದಕ್ಕೆ. ಕಿತ್ತಳೆ ಜೋಡಿ ಒಂದನ್ನೊಂದು ಬಿಡದೆ ಒಂದೇ ಬಲೆಗೆ ಬಂದವು (ನಿನ್ನ ನೆನಪಾಗಿ ಸ್ವಲ್ಪ ಅತ್ತೆ). ನೀಲಿ ಜಗಳಗಂಟಿ ನನ್ನ ಹೆಬ್ಬೆರಳನ್ನು ಕಚ್ಚಿತು. ನಿನ್ನ ಅಕ್ಕ ಮೂಗಿಗೆ ದುಪಟ್ಟಾ ಸುತ್ತಿಕೊಂಡು “ನಮ್ಮಮ್ಮ ನಂಗೆ ಡಾಕ್ಟರ್ ಹುಡುಗನ್ನ ನೋಡಿದ್ರು, ನಾನು ಹೂಂ ಅಂದಿದ್ರೆ ಇವತ್ತು ಈ ತಮ್ಮನ ಮನೆ ಕಡೆ ತಲೆ ಹಾಕೋ ಅಗತ್ಯವೇ ಇರ್ತಿರಲಿಲ್ಲ” ಎಂದು ಗೊಣಗುತ್ತಲೇ ಬಕೆಟ್ ಮೇಲೆ ಬಕೆಟ್ ಹೊತ್ತರು. ಒಂದು ತೊಟ್ಟು ಚೆಲ್ಲಲಿಲ್ಲ.

ಏಳು ಮೀನು ಟಬ್ಬಿಗೆ ಬಂದವು. ಎಂಟನೆಯವನು ಬರಲಿಲ್ಲ. ಯಾರೆಂದು ನಿನಗೇ ಗೊತ್ತು. ನಿನ್ನ ಗೊರಕೆರಾಯ, ಗಾಬರಿಯಾದರೆ ಮರಳಿನೊಳಗೆ ಹೊಕ್ಕು ಮಲಗಿಬಿಡುವ ನಿನ್ನ ಹಳದಿ ಸೋಮಾರಿ. ನಿನ್ನ ಒಂಬತ್ತನೇ ನಿಯಮ ಅವನಿಗಾಗಿಯೇ ಬರೆದದ್ದು, ಕೆಳಗೆ ಎರಡು ಗೆರೆ ಬೇರೆ: “ಗೊರಕೆರಾಯ ಮರಳಿನಲ್ಲಿದ್ದರೆ ಕೈ ಹಾಕಬೇಡ. ನೀರು ತಗ್ಗಿದ ಮೇಲೆ ತಾನಾಗಿಯೇ ಏಳುತ್ತಾನೆ. ಕಾಯಿ.” ಮರಳಿನ ಮೇಲೆ ನಾಲ್ಕು ಬೆರಳು ನೀರು ಉಳಿಸಿಕೊಂಡು ಕಾದೆ. ಕಲ್ಲುಗಳನ್ನು ಕಿತ್ತ ಜಾಗದಲ್ಲಿ ಕಾಡಿಗೆ ಮರಳು ಬಾಯಿ ತೆರೆದು ಗುಳ್ಳೆ ಬಿಡುತ್ತಿತ್ತು, ಮನೆಯೆಲ್ಲ ಕೊಳೆತ ಮೊಟ್ಟೆ. ಯಜಮಾನಿ “ಕೈ ಹಾಕಿ ತೆಗಿ ಮಗಾ” ಎಂದರು. “ಬೇಡ, ಅವರು ಬರೆದಿದ್ದಾರೆ” ಎಂದೆ. ಮತ್ತೆ ಸ್ವಲ್ಪ ಹೊತ್ತಿಗೆ “ಬರೆದವನು ಹಡಗಲ್ಲಿದಾನೆ, ಮೀನು ಇಲ್ಲಿದೆ” ಎಂದರು. ಆದರೂ ಕಾದೆ. ಹನ್ನೆರಡನೆಯದಕ್ಕೆ ಗೀಟು ಹಾಕಿದವಳಿಗೆ ಒಂಬತ್ತನೆಯದನ್ನಾದರೂ ನಡೆಸಿಕೊಡಬೇಕು ಅನ್ನಿಸಿತ್ತು. ಪೂರಾ ಒಂದೂಕಾಲು ಗಂಟೆ. ಕೊನೆಗೆ ತಡೆಯಲಾರದೆ ಎರಡೂ ಕೈ ಮರಳಿಗೆ ಹಾಕಿದೆ. ಹಿಂದಿನ ಮೂಲೆಯಲ್ಲಿ, ಕಾಡಿಗೆಯ ಅಂಚಿನಲ್ಲೇ ಸಿಕ್ಕಿದ. ಜೀವ ಇತ್ತು, ಕಿವಿರು ಮಾತ್ರ ಹೊಲಿಗೆ ಯಂತ್ರದ ಹಾಗೆ ಹೊಡೆದುಕೊಳ್ಳುತ್ತಿತ್ತು. ಓಡಿ ಟಬ್ಬಿಗೆ ಬಿಟ್ಟೆ.

ಆಮೇಲೆ ಮರಳು. ನಿನ್ನ ಚಹಾದ ಲೋಟದಿಂದಲೇ, ಆ ಕಿವಿ ಮುರಿದ ನೀಲಿ ಲೋಟದಿಂದ, ಮೇಲಿನ ಕೆನೆಯನ್ನು ತೆಳ್ಳಗೆ ಕೆರೆದು ಹಳೆಯ ನೀರಿನಲ್ಲೇ ಇಟ್ಟುಕೊಂಡೆ. ಬೂದಿ ಬಣ್ಣ ಕಂಡ ಕೂಡಲೇ ಕೈ ನಿಲ್ಲಿಸಬೇಕು, ಒಂದು ಲೋಟದ ಆಸೆಗೆ ಇಡೀ ಬಕೆಟ್ ಕೆಡುತ್ತದೆ. ಎರಡು ಬಕೆಟ್ ಕೆನೆ ಸಿಕ್ಕಿತು. ಹೊಸ ಟ್ಯಾಂಕಿನ ತಳಕ್ಕೆ ತೊಳೆದ ಹೊಸ ಮರಳು ಹರಡಿ, ಅದರ ಮೇಲೆ ಹಳೆಯದನ್ನು ಹೆಪ್ಪು ಹಾಕಿದ ಹಾಗೆ ಹಾಕಿದೆ, ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿದೆ. ಉಳಿದ ಐದು ಬಕೆಟ್ ಗಸಿಯನ್ನು ನಾನೂ ನಿನ್ನ ಅಕ್ಕನೂ ಮೂರು ಮಹಡಿ ಇಳಿಸಿದೆವು. ಗೇಟಿನ ಕಾವಲುಗಾರ “ಏನಮ್ಮಾ, ಬಾವಿ ತೋಡ್ತಿದ್ದೀರಾ ಮೇಲೆ?” ಎಂದ. “ಹೂಂ, ಸಮುದ್ರ ಸಿಕ್ಕಿದೆ, ಬಂದು ನೋಡಿ” ಎಂದರು ನಿನ್ನ ಅಕ್ಕ! ಕೈಯೆಲ್ಲ ಕಪ್ಪು, ಮುಖದ ಮೇಲೆ ಕಪ್ಪು ಬೆರಳಚ್ಚು, ಮೆಟ್ಟಿಲ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಈ ಕೆಸರಿಗೆ ಮೊಸರಿನ ಆಸೆಯೇ ಹೋಯ್ತು” ಎಂದರು. ಮದುವೆಯಾದಾಗಿನಿಂದ ಅವರು ನನ್ನ ಜೊತೆ ನಕ್ಕದ್ದು ಅದೇ ಮೊದಲು.

ಗುರುವಾರ ಹೊಸ ಟ್ಯಾಂಕಿನ ನೀರು ಹಾಲಿನ ಹಾಗಿತ್ತು, ನನ್ನ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಆದರೆ ಶುಕ್ರವಾರ ಬೆಳಿಗ್ಗೆ ಎದ್ದು ಬಂದರೆ, ಅಯ್ಯೋ ಇಂಜಿನಪ್ಪಾ, ನೀನು ನೋಡಬೇಕಿತ್ತು! ತಿಳಿಯೆಂದರೆ ತಿಳಿ, ಐದಡಿಯ ಆ ಕೊನೆಯ ಕಲ್ಲಿನ ರಂಧ್ರ ಕೂಡ ಎಣಿಸಬಹುದು. ಟೆಸ್ಟ್ ಕಿಟ್ಟಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಎಷ್ಟೆಂದು ನೋಡಿದೆ, ಸೊನ್ನೆ. ನಂಬಿಕೆಯಾಗದೆ ಮತ್ತೊಮ್ಮೆ ನೋಡಿದೆ, ಸೊನ್ನೆ. ಸಂಜೆ ಅಂಗಡಿಯಿಂದ ಬಂದು ಟಬ್ಬಿಗೆ ಹೊಸ ನೀರನ್ನು ಹನಿ ಹನಿಯಾಗಿ ಬೆರೆಸಿ, ಮೀನುಗಳಿಗೆ ಅಭ್ಯಾಸವಾದ ಮೇಲೆ ಒಬ್ಬೊಬ್ಬರನ್ನೇ ಬಿಟ್ಟೆ. ಜಗಳಗಂಟಿ ಒಳಗೆ ಹೋದ ಕೂಡಲೇ ಇಡೀ ಟ್ಯಾಂಕ್ ತನ್ನದೇ ಎಂದು ಒಂದು ಸುತ್ತು ಹೊಡೆಯಿತು. ಕಿತ್ತಳೆ ಜೋಡಿ ಒಂದು ಮೂಲೆ ಹಿಡಿದವು. ಗೊರಕೆರಾಯ ನೇರ ಮರಳಿಗೆ ಇಳಿದು ಮಾಯ. ಹುಳುಗಳೂ ಬದುಕಿವೆ, ನಿನ್ನೆ ಸಂಜೆ ಗಾಜಿಗೆ ಮೂಗು ಒತ್ತಿ ನೋಡಿದೆ, ಕೂದಲಿನಂಥದ್ದೊಂದು ಹಳೆಯ ಮರಳಿನಿಂದ ಇಳಿದು ಹೊಸ ಮರಳಿನಲ್ಲಿ ದಾರಿ ಕೊರೆಯುತ್ತಿತ್ತು. ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ ಅದಕ್ಕೆ.

ಈಗ ಗಟ್ಟಿಯಾಗಿ ಕೂತು ಓದು. ಅಪ್ಪನಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿ ಇಪ್ಪತ್ತಕ್ಕೆ ಬರಬೇಡಿ, ಬಂದರೆ ಟ್ಯಾಂಕ್ ನೋಡಿ ಊಟ ಮಾಡಿ ಹೋಗಿ, ನಾನಂತೂ ಹೊರಡುವುದಿಲ್ಲ ಎಂದೆ. ಅಪ್ಪ “ಅಳಿಯಂದ್ರು ಏನಂತಾರೋ” ಎಂದರು. “ಅಳಿಯಂದ್ರು ಹಡಗಲ್ಲಿದಾರೆ, ಮಗಳು ಇಲ್ಲಿದಾಳೆ” ಎಂದೆ. (ಯಜಮಾನಿಯ ಮಾತು ಕದ್ದದ್ದು, ಎಷ್ಟು ಉಪಯೋಗ ನೋಡು!) ಅಮ್ಮನ ಮನೆ ಎಂದರೆ ನನಗೆ ಪ್ರಾಣ. ಆದರೆ ಅಲ್ಲಿಗೆ ನಾನು ಆಸೆಪಟ್ಟು ಹೋಗಬೇಕು, ಯಾರೋ ಸಾಮಾನು ಇಟ್ಟುಬಂದ ಹಾಗೆ ಹೋಗುವುದಿಲ್ಲ. ಅಲ್ಲಿ ಮೂವರು ತಂಗಿಯರ ಮಧ್ಯೆ ನನಗೊಂದು ಕಪಾಟಿನ ಅರ್ಧ ಇತ್ತು, ಹಾಸ್ಟೆಲಿನಲ್ಲಿ ಮಂಚದ ಕೆಳಗೆ ಒಂದು ಟ್ರಂಕಿನ ಜಾಗ. ಇಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಕಿಟಕಿ, ಅದರ ಕೆಳಗೆ ನಾನೇ ತುಂಬಿದ ಮುನ್ನೂರು ಲೀಟರ್ ಸಮುದ್ರ. ನಿನ್ನ ಅಕ್ಕನಿಗೂ ಹೇಳಿದೆ. ಬೀಗದ ಕೈ ಕೇಳುತ್ತಾರೆ ಅಂದುಕೊಂಡಿದ್ದೆ. “ನಿನ್ನ ಹತ್ರಾನೇ ಇರಲಿ. ನನಗೆ ಮೂರು ಮಹಡಿ ಹತ್ತಿ ಹತ್ತಿ ಮಂಡಿ ನೋವು” ಎಂದರು. ಮಂಡಿ ನೋವಿಲ್ಲ ಅವರಿಗೆ, ಐದು ಬಕೆಟ್ ಇಳಿಸಿದ್ದನ್ನು ನಾನೇ ಕಂಡಿದ್ದೇನೆ.

ಇಪ್ಪತ್ತೆರಡು ನಿಯಮಗಳಲ್ಲಿ ಈಗ ಹದಿನಾಲ್ಕು ಉಳಿದಿವೆ, ಅವು ಒಳ್ಳೆಯವು, ಪಾಲಿಸುತ್ತೇನೆ. ನೀನು ಸಿಟ್ಟಾಗುತ್ತೀಯೆಂದು ಗೊತ್ತು. ಆಗು. ಸಿಟ್ಟಾದಾಗ ನಿನ್ನ ಕಿವಿ ಕೆಂಪಾಗುತ್ತದೆ, ಅದನ್ನು ನೋಡಲು ಇಲ್ಲವಲ್ಲ ಎಂಬುದೊಂದೇ ನನ್ನ ದುಃಖ. ನಿನ್ನ ಇಂಜಿನ್ ಕೋಣೆಯ ಗೆಳೆಯರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನಗೆ ಖಾರ ಕಡಿಮೆ ಹಾಕಬೇಕೆಂದು ನಾನು ಹೇಳಿದ್ದೇನೆ ಎಂದು ಅಡುಗೆಯವರಿಗೆ ತಿಳಿಸು. ನಿನ್ನ ಅಕ್ಕನ ಬೈಗುಳ, ಯಜಮಾನಿಯ ನಗು, ಕಾವಲುಗಾರನ ಸಲಾಮು, ಎಲ್ಲವನ್ನೂ ಈ ಲಕೋಟೆಯಲ್ಲಿ ಮಡಚಿ ಇಟ್ಟಿದ್ದೇನೆ. ಮುತ್ತುಗಳನ್ನು ಎಣಿಸಿಲ್ಲ, ನಿನಗೆ ಬೇಕಾದಷ್ಟು ತೆಗೆದುಕೋ.

ನಿನ್ನ, ಸಮುದ್ರವಿರುವ ಮನೆಯ,
ಹೆಂಡತಿ

ಪುನಶ್ಚ: ಏಳು ಹಾಳೆ ಬರೆದೆ, ಬರೆಯಬೇಕಾದದ್ದರ ಸುತ್ತಲೇ ಸುತ್ತಿದೆ. ಗೊರಕೆರಾಯ ಹೋದ. ನಿನ್ನೆ ಬೆಳಿಗ್ಗೆ ಮರಳಿನ ಮೇಲೆ ಒರಗಿಕೊಂಡಿದ್ದ, ಮರಳು ಹೊದೆಯದೆ ಅವನು ಮಲಗಿದ್ದು ಅದೇ ಮೊದಲು. ಕಾಡಿಗೆಯ ಆ ಒಂದೂಕಾಲು ಗಂಟೆಯ ಗಾಳಿ ಎಂದರು ಯಜಮಾನಿ. ನೀನು ಮೊದಲ ಸಂಬಳದಲ್ಲಿ ತಂದವನು ಅವನೆಂದು ನನಗೆ ಗೊತ್ತು, ಅಳುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಕದಡಿದ್ದರೆ ಅದು ಟ್ಯಾಂಕಿನ ನೀರಲ್ಲ. ನಾನು ಮೀರಿದ ಎಂಟು ನಿಯಮಗಳಿಂದ ಅವನು ಸಾಯಲಿಲ್ಲ, ಪಾಲಿಸಿದ ಒಂದರಿಂದ ಸತ್ತ. ನಿನ್ನನ್ನು ದೂರುತ್ತಿಲ್ಲ. ಮೀನು ಕಣ್ಣೆದುರಿಗಿದ್ದಾಗ ಗೋಡೆಯನ್ನು ಓದುತ್ತ ನಿಂತದ್ದು ನಾನು. ಪಂದ್ಯ ಸೋತಿದ್ದೇನೆ, ಒಪ್ಪಿಕೊಂಡೆ. ಆದರೆ ಹೋಗುವುದಿಲ್ಲ. ಎಂಟೂ ಬದುಕಿದ್ದರೆ ನೀನು ಬಿಟ್ಟೆಯೆಂದು ಇರುತ್ತಿದ್ದೆ, ಈಗ ನಾನಾಗಿಯೇ ಇದ್ದೇನೆ. ನನ್ನ ಮನೆಯನ್ನು ಮೀನಿನ ಮೇಲೆ ಪಣಕ್ಕಿಡಬಾರದಿತ್ತು, ನೀನೂ, ನಾನೂ. ಅವನನ್ನು ಕಿಟಕಿಯ ದೊಡ್ಡ ಕುಂಡದಲ್ಲಿ, ಒಂದು ಲೋಟ ಹಳೆಯ ಮರಳು ಹೊದಿಸಿ ಮಲಗಿಸಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಬಂದಾಗ ಬಾಗಿಲು ತಟ್ಟು, ತೆಗೆಯುತ್ತೇನೆ.